ವೋಟಿಲ್ಲದ ಮೇಲ್ಮನೆ

ನಿಮಗೆ ಎಷ್ಟು ವೋಟು ಬಿದ್ದಿತ್ತು ಎಂದು ಕೇಳಿದೆ. ಒಂದೂ ಇಲ್ಲ ಎಂದಳು ಆಕೆ. ನಗಲಿಲ್ಲ, ತಲೆ ತಗ್ಗಿಸಲಿಲ್ಲ. ಚಟ್ನಿ ಬಟ್ಟಲನ್ನು ನನ್ನ ಕಡೆಗೆ ತಳ್ಳಿ ಇನ್ನೆರಡು ಹಾಕಿಕೊಳ್ಳಿ ಎಂದಳು. ನನ್ನ ಕೈಯಲ್ಲಿದ್ದ ಬೋಂಡ ಕೈಯಲ್ಲೇ ಉಳಿಯಿತು.

ಅದು ಅಮೆರಿಕದ ಡೈಮಂಡ್ ಬಾರ್ ಎಂಬ ಊರಿನಲ್ಲಿ, ಗುಡ್ಡದ ಮೇಲಿನ ಮನೆ. ನನ್ನ ಮಗಳ ಮಗಳು ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಿದ್ದ ಹುಡುಗನ ಮನೆ. ಕರೋನಾ ಗಲಾಟೆ ಮುಗಿದು, ಜನ ಮತ್ತೆ ಒಬ್ಬರ ಮನೆಯಲ್ಲಿ ಒಬ್ಬರು ಕೂತು ಉಣ್ಣಲು ಶುರು ಮಾಡಿದ್ದ ಕಾಲ. ಮಗಳು, ಅಳಿಯ, ಮೊಮ್ಮಗಳು, ನಾನು, ಎಲ್ಲ ಒಂದೇ ಕಾರಿನಲ್ಲಿ ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್‌ನಿಂದ ಹೋಗಿದ್ದೆವು. ಹುಡುಗ ಹುಡುಗಿ ನಾರ್ತ್‌ರಿಜ್‌ನಲ್ಲಿ ಒಟ್ಟಿಗೆ ಕಾಲೇಜು ಓದಿದವರು. ಹುಡುಗನ ಕಡೆಯವರು ಟ್ರಿನಿಡಾಡ್ ಎಂಬ ದ್ವೀಪದಿಂದ ಬಂದವರು. ಅವರೂ ಮುಸಲ್ಮಾನರೇ. ಯಾವುದೋ ಕಾಲದಲ್ಲಿ ಕಬ್ಬಿನ ಗದ್ದೆಯ ಕೂಲಿಗೆಂದು ಇಂಡಿಯಾದಿಂದ ಹಡಗು ಹತ್ತಿ ಹೋದವರ ಪೈಕಿ. ಈಗ ಅವರಿಗೆ ಉರ್ದು ಬಾರದು, ಕನ್ನಡ ಎಂಬ ಹೆಸರನ್ನೇ ಕೇಳಿಲ್ಲ. ಮನೆಯೊಳಗೂ ಇಂಗ್ಲಿಷು, ಅದೂ ರಾಗ ಎಳೆದು. ಆದರೆ ಆ ಹುಡುಗ ತನ್ನ ತಾಯಿಯ ತಾಯಿಯನ್ನು ನಾನಿ ಎಂದೇ ಕರೆಯುತ್ತಿದ್ದ, ನನ್ನ ಮೊಮ್ಮಗಳು ನನ್ನನ್ನು ಕರೆಯುವ ಹಾಗೆ. ವೋಟಿಲ್ಲ ಎಂದವಳು ಆ ನಾನಿಯೇ.

ನಮ್ಮ ಮನೆತನದಲ್ಲಿ ಒಂದು ಕ್ರಮವಿದೆ. ಹುಡುಗ ಹುಡುಗಿ ಒಪ್ಪಲಿ, ಅಪ್ಪ ಅಮ್ಮ ಒಪ್ಪಲಿ, ಮನೆಯ ಹಿರಿಯ ಹೆಂಗಸು ಹೂಂ ಅನ್ನುವ ತನಕ ಮಾತು ಪಕ್ಕಾ ಆದಂತಲ್ಲ. ನನ್ನ ಅಕ್ಕನಿಗೆ ಬಂದ ಮೊದಲ ಸಂಬಂಧಕ್ಕೆ ನಮ್ಮಪ್ಪನ ತಾಯಿ ಉಹೂಂ ಅಂದರು. ಅಲ್ಲಿಗೆ ಮುಗಿಯಿತು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಈಗ ಆ ಜಾಗದಲ್ಲಿ ಕೂತಿರುವವಳು ನಾನು. ಆ ದಿನ ಅಷ್ಟು ದೂರ ನನ್ನನ್ನು ಕರೆದುಕೊಂಡು ಹೋದದ್ದೇ, ಮುದುಕಿ ಒಂದು ಸಲ ನೋಡಿ ಹೂಂ ಅನ್ನಲಿ ಎಂದು. ಮೊಮ್ಮಗಳು ಊಟ ಮಾಡದೆ ಎದುರು ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಮ್ಮಮ್ಮ ನಮ್ಮ ದೇಶದ ಪಾರ್ಲಿಮೆಂಟಿನಲ್ಲಿ ಇದ್ದವರು ಎಂದು ಹುಡುಗನ ತಾಯಿ ಹೆಮ್ಮೆಯಿಂದ ಹೇಳಿದ್ದಳು. ಅದಕ್ಕೇ ನಾನು ವೋಟಿನ ಲೆಕ್ಕ ಕೇಳಿದ್ದು. ಮರ್ಯಾದೆಗೆ ಕೇಳಿದ್ದು. ಚುನಾವಣೆ ಗೆದ್ದವರನ್ನು ಅದನ್ನಲ್ಲದೆ ಇನ್ನೇನು ಕೇಳುವುದು.

ನನಗೆ ಅದು ಯಾಕೆ ಅಷ್ಟು ಬಡಿಯಿತು ಎಂಬುದನ್ನೂ ಹೇಳಬೇಕು. ಮೈಸೂರಿನ ಆಚೆ ಒಂದು ಸಣ್ಣ ಊರಿಗೆ ನನ್ನನ್ನು ಕೊಟ್ಟಿದ್ದರು. ನಮ್ಮ ಬೀದಿಯಲ್ಲಿ ಒಬ್ಬ ಮುನಿಸಿಪಾಲಿಟಿಗೆ ನಿಂತು ಸೋತ. ಸೋಲಿಸಿದ್ದು ನಾವೇ, ಬೀದಿಯ ಹೆಂಗಸರು. ಸ್ವಲ್ಪ ದಿನ ಕಳೆದು ಅದೇ ಮನುಷ್ಯ ಕೊರಳಿಗೆ ಹಾರ ಹಾಕಿಸಿಕೊಂಡು ಬೀದಿಗೆ ಬಂದ. ನಾಮಿನೇಟೆಡ್ ಮೆಂಬರಂತೆ. ಮೇಲಿನವರು ಮಾಡಿದ್ದಂತೆ. ಅವನು ಮೊದಲು ಮಾಡಿದ ಕೆಲಸ, ನಮ್ಮ ಬೀದಿಯ ನಲ್ಲಿಯನ್ನು ಕೀಳಿಸಿ ತನ್ನ ಮನೆ ಮಗ್ಗುಲಿಗೆ ಹಾಕಿಸಿದ್ದು. ಹೊಟ್ಟೆಯಲ್ಲಿ ಮಗಳನ್ನಿಟ್ಟುಕೊಂಡು ಅವನ ಬಾಗಿಲಿನ ಮುಂದೆ ಕೊಡ ಹಿಡಿದು ನಿಂತಿದ್ದೇನೆ. ಅಂದಿನಿಂದ ವೋಟಿಲ್ಲದೆ ಕುರ್ಚಿಯಲ್ಲಿ ಕೂತವನು ಅಂದರೆ ನನ್ನ ಪಾಲಿಗೆ ಕಳ್ಳ.

ನನ್ನ ಮುಖ ನೋಡಿ ಆಕೆಗೆ ಏನೋ ಗೊತ್ತಾಯಿತು. ಬಿಡಿಸಿ ಹೇಳತೊಡಗಿದಳು. ನನಗೆ ಅಂಗಡಿ ಇಂಗ್ಲಿಷು ಬರುತ್ತದೆ. ನಾನೂ ನನ್ನ ಗಂಡನೂ ನಾರ್ತ್‌ರಿಜ್‌ನಲ್ಲಿ ಮಾಂಸದ ಅಂಗಡಿ ಇಟ್ಟಿದ್ದೆವು, ಅವರು ಸಾಯುವ ತನಕ ಗಲ್ಲಾದಲ್ಲಿ ಕೂತವಳು ನಾನೇ. ತಿಳಿಯದ ಕಡೆ ಮಗಳು ಕನ್ನಡ ಮಾಡಿದಳು.

ಅವರ ಪಾರ್ಲಿಮೆಂಟಿಗೆ ಎರಡು ಮನೆ. ಕೆಳಮನೆಯಲ್ಲಿ ನಲವತ್ತೊಂದು ಜನ, ಒಂದೊಂದು ಕ್ಷೇತ್ರಕ್ಕೆ ಒಬ್ಬೊಬ್ಬರು. ಅದರಲ್ಲಿ ಎರಡು ಕ್ಷೇತ್ರ ಪಕ್ಕದ ಪುಟ್ಟ ದ್ವೀಪದ್ದು. ಇವರನ್ನೆಲ್ಲ ಜನ ವೋಟು ಹಾಕಿಯೇ ಕಳಿಸುತ್ತಾರೆ. ಯಾರ ಕಡೆ ಹೆಚ್ಚು ಜನವೋ ಅವರ ನಾಯಕ ಪ್ರಧಾನಿ. ಇಷ್ಟು ನನಗೆ ಸರಿ ಕಂಡಿತು, ನಮ್ಮಲ್ಲೂ ಹೀಗೇ ತಾನೆ. ಆಮೇಲೆ ಮೇಲ್ಮನೆಗೆ ಬಂದಳು. ಮೂವತ್ತೊಂದು ಜನ. ಒಬ್ಬರಿಗೂ ಚುನಾವಣೆಯಿಲ್ಲ.

ಮೇಜಿನ ಮೇಲೆ ಮೂರು ಚಟ್ನಿಯಿತ್ತು. ಹುಣಸೆಹಣ್ಣಿನ ಬಟ್ಟಲನ್ನು ಮುಂದಕ್ಕೆ ಇಟ್ಟು, ಇದು ಪ್ರಧಾನಿ ಹೇಳಿದವರು, ಹದಿನಾರು ಎಂದಳು. ಮಾವಿನಕಾಯಿ ಬಟ್ಟಲನ್ನು ಅದಕ್ಕೆ ಎದುರಿಟ್ಟು, ಇದು ವಿರೋಧ ಪಕ್ಷದ ನಾಯಕ ಹೇಳಿದವರು, ಆರು ಎಂದಳು. ಸೌತೆಕಾಯಿಯದು ಪಕ್ಕಕ್ಕೆ. ಇದು ಯಾವ ಪಕ್ಷದವರೂ ಅಲ್ಲ, ಒಂಬತ್ತು ಜನ, ರಾಷ್ಟ್ರಪತಿಯೇ ಸ್ವಂತ ಬುದ್ಧಿಯಿಂದ ಆರಿಸುವುದು. ಆಕೆ ಕೂತಿದ್ದು ಸೌತೆಕಾಯಿಯಲ್ಲಿ. ಆಸ್ಪತ್ರೆಯಲ್ಲಿ ನರ್ಸುಗಳಿಗೆ ಪಾಠ ಹೇಳಿಕೊಡುತ್ತಿದ್ದವಳಂತೆ, ಅದಕ್ಕಾಗಿ ಕರೆದರಂತೆ. ಹುಡುಗನ ತಾಯಿ ಬಂದು ಬಟ್ಟಲುಗಳನ್ನು ಸರಿಯಾಗಿ ಜೋಡಿಸಲು ಹೋದಾಗ, ಮುಟ್ಟಬೇಡ, ಸಭೆ ನಡೀತಿದೆ ಎಂದು ಗದರಿದಳು.

ಆ ರಾಷ್ಟ್ರಪತಿಯನ್ನು ಯಾರು ಆರಿಸುತ್ತಾರೆ ಎಂದು ಕೇಳಿದೆ. ಎರಡೂ ಮನೆಯವರು ಸೇರಿ ಗುಟ್ಟಾಗಿ ವೋಟು ಹಾಕುತ್ತಾರಂತೆ. ಹಾಗಾದರೆ ಆತ ನಿಮ್ಮನ್ನು ಕೂರಿಸುವುದು, ನೀವು ಆತನನ್ನು ಕೂರಿಸುವುದು ಎಂದೆ. ಮಗಳು ಅದನ್ನು ಇಂಗ್ಲಿಷು ಮಾಡಲು ಹಿಂದೆ ಮುಂದೆ ನೋಡಿದಳು. ನನ್ನ ಕೈಸನ್ನೆ ನೋಡಿಯೇ ಆಕೆಗೆ ಅರ್ಥವಾಯಿತು. ಒಂಬತ್ತು ಜನರ ಮಟ್ಟಿಗೆ ಹೌದು ಎಂದಳು.

ಕೇಳುತ್ತ ಹೋದ ಹಾಗೆ ಇನ್ನೂ ಇನ್ನೂ ವಿಚಿತ್ರ. ತನ್ನ ಹದಿನಾರರಲ್ಲಿ ಯಾರಾದರೂ ಬೇಡವಾದರೆ ಪ್ರಧಾನಿ ಹೇಳಿ ತೆಗೆಸಬಹುದಂತೆ. ಮೆಂಬರಿಗೆ ಹುಷಾರಿಲ್ಲದಿದ್ದರೆ, ದೇಶ ಬಿಟ್ಟು ಹೊರಗೆ ಹೋಗಿದ್ದರೆ, ಅಷ್ಟು ದಿನಕ್ಕೆ ಬದಲಿ ಮೆಂಬರು. ಈಕೆ ಮೊದಲು ಒಳಗೆ ಹೋದದ್ದು ಹಾಗೆಯೇ. ಬದಲಿ ಟೀಚರು ಕೇಳಿದ್ದೆ, ಬದಲಿ ಡ್ರೈವರು ಕೇಳಿದ್ದೆ. ಕಾನೂನು ಮಾಡಲಿಕ್ಕೂ ಬದಲಿಯೇ? ಎರಡು ಮನೆ ಅಂದಿರಲ್ಲ, ಒಂದರ ಮೇಲೆ ಒಂದಿದೆಯೋ ಅಕ್ಕಪಕ್ಕ ಇದೆಯೋ ಎಂದು ಕೇಳಿದರೆ, ತನ್ನ ಕಾಲದಲ್ಲಿ ಎರಡಕ್ಕೂ ಒಂದೇ ಹಾಲ್ ಇತ್ತು ಎಂದಳು. ಮಂಗಳವಾರ ಮೇಲ್ಮನೆಯವರು, ಶುಕ್ರವಾರ ಕೆಳಮನೆಯವರು. ಕೆಂಪು ಬಣ್ಣ ಬಳಿದ ದೊಡ್ಡ ಕಟ್ಟಡವಂತೆ.

ನನಗೆ ತಡೆಯಲಾಗಲಿಲ್ಲ. ಮಗಳ ಕಡೆಗೂ ನೋಡದೆ ನನಗೆ ಬಂದ ಇಂಗ್ಲಿಷಿನಲ್ಲೇ ಕೇಳಿದೆ, ಹಾಗಾದರೆ ನಿಮ್ಮನ್ನು ಬೇಡ ಅನ್ನಲು ಜನಕ್ಕೆ ದಾರಿಯೇ ಇಲ್ಲವಲ್ಲ ಎಂದು.

"ಇಲ್ಲ, ಸಿಸ್ಟರ್," ಎಂದಳು. "ಅದಕ್ಕೇ ನಾನು ಯಾರ ಮುಖಾನೂ ನೋಡದೆ ಮಾತಾಡ್ತಿದ್ದೆ."

ಹುಡುಗನ ತಾಯಿ ಐಸ್ ಕ್ರೀಮ್ ತಂದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದದ್ದು ಅಂದೆ. ನಾಚಿಕೆಯಿಲ್ಲದ ಹೆಂಗಸು, ಯಾರೂ ಕೂರಿಸದ ಕಡೆ ಕೂತು ಬಂದು ಮೊಮ್ಮಕ್ಕಳ ಮುಂದೆ ಹೇಳಿಕೊಳ್ಳುತ್ತಾಳೆ, ಆ ಮನೆಗೆ ಹೋದರೆ ನಮ್ಮ ಹುಡುಗಿ ಕಲಿಯುವುದೇನು ಎಂದೆ. ಅಳಿಯ ಬೆಂಗಳೂರಿನವನು, ಫೋನ್ ಕಂಪನಿಯಲ್ಲಿ ಇಂಜಿನಿಯರ್, ಸಾಮಾನ್ಯವಾಗಿ ನನ್ನ ಮಾತಿಗೆ ಮಾತು ಕೊಡುವವನಲ್ಲ. ಅವತ್ತು ಲೇನ್ ಬದಲಾಯಿಸುತ್ತ ಸಣ್ಣ ದನಿಯಲ್ಲಿ ಹೇಳಿದ.

"ಅಮ್ಮೀ, ಬೆಂಗಳೂರಲ್ಲೂ ಇದೆ. ವಿಧಾನ ಪರಿಷತ್ತು. ಅದರಲ್ಲಿ ಕೆಲವರನ್ನ ಗವರ್ನರೇ ನಾಮಿನೇಟ್ ಮಾಡೋದು."

ನಾನು ನಂಬಲಿಲ್ಲ. ಮಗಳು ಫೋನಿನಲ್ಲಿ ನೋಡಿ ಹೌದು ಎಂದಳು. ಅಷ್ಟೇ ಅಲ್ಲ, ಅದರಲ್ಲಿ ಡಿಗ್ರಿ ಮಾಡಿದವರಿಗೆಂದೇ ಬೇರೆ ಸೀಟುಗಳಿವೆ, ಅದಕ್ಕೆ ಅವರು ಮಾತ್ರ ವೋಟು ಹಾಕಬಹುದು, ಟೀಚರುಗಳಿಗೂ ಹಾಗೇ ಬೇರೆ ಇದೆ ಎಂದು ಓದಿದಳು. ನಾನು ಅಮೆರಿಕಕ್ಕೆ ಬರುವ ತನಕ ಒಂದು ಚುನಾವಣೆ ಬಿಡದೆ ಸಾಲಿನಲ್ಲಿ ನಿಂತವಳು. ಜ್ವರ ಬಂದಾಗಲೂ ಹೋಗಿದ್ದೇನೆ. ನನ್ನ ವೋಟು ಎಲ್ಲರ ವೋಟಿಗೂ ಸಮ ಎಂದುಕೊಂಡಿದ್ದೆ. ಮೂರನೇ ಕ್ಲಾಸಿನವಳಿಗೆ ಒಂದು ವೋಟು, ಡಿಗ್ರಿಯವರಿಗೆ ಎರಡು ಎಂದು ಒಬ್ಬರೂ ನನಗೆ ಹೇಳಿರಲಿಲ್ಲ. ಆ ಸಿಟ್ಟು ಯಾರ ಮೇಲೆ ಹಾಕಬೇಕೋ ಗೊತ್ತಾಗಲಿಲ್ಲ. ಗ್ಯಾರೇಜಿನಲ್ಲಿ ಕಾರು ನಿಂತ ಮೇಲೆ ಮಗಳು, ಹುಡುಗನ ವಿಷಯ ಏನಮ್ಮ ಎಂದು ಕೇಳಿದಳು. ಉಹೂಂ ಅಂದೆ.

ಮೊಮ್ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ನಾರ್ತ್‌ರಿಜ್‌ಗೆ ಹೊರಟುಹೋದಳು. ಓದು ಮುಗಿದು ಅಲ್ಲೇ ಕೆಲಸಕ್ಕೆ ಸೇರಿದ್ದಳು, ಇನ್ನಿಬ್ಬರು ಹುಡುಗಿಯರ ಜೊತೆ ಅಪಾರ್ಟ್‌ಮೆಂಟು. ಅಳುತ್ತಾಳೆ, ಮರೆಯುತ್ತಾಳೆ ಎಂದುಕೊಂಡೆ. ನಮ್ಮ ಅಕ್ಕ ಮರೆಯಲಿಲ್ಲವೇ.

ಮುಂದಿನ ಶನಿವಾರ ಬಂದಳು. ಬ್ಯಾಗನ್ನೂ ಇಳಿಸದೆ ಅಡುಗೆಮನೆಗೆ ಬಂದು ನನ್ನ ಎದುರು ನಿಂತಳು. ನಮ್ಮ ಮನೆಯಲ್ಲಿ ಉರ್ದು ಕನ್ನಡ ಕಲಸಿ ಆಡುತ್ತೇವೆ. ಅವಳಿಗೆ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವತ್ತು ಕನ್ನಡದಲ್ಲಿ ಕೇಳಿದಳು. ತುಂಡು ತುಂಡು ಕನ್ನಡ, ಆದರೆ ನನಗೆ ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳಲು ಆಗದಂತೆ.

"ನಾನಿ, ನಿಮಗೆ ಯಾರು ವೋಟ್ ಹಾಕಿದ್ರು?"

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಚಾಕು ನಿಂತಿತು. ಇಷ್ಟು ವಯಸ್ಸಿನಲ್ಲಿ ನನ್ನನ್ನು ಯಾರೂ ಆ ದನಿಯಲ್ಲಿ ಕೇಳಿದ್ದಿಲ್ಲ. ನನ್ನ ಗಂಡನೂ ಇಲ್ಲ.

"ನಾನು ಹಿರಿಯಳು ಕಣೆ," ಎಂದೆ.

"ಅದು ವೋಟ್ ಅಲ್ಲ."

"ನಮ್ಮಲ್ಲಿ ಹಂಗೇ ನಡ್ಕೊಂಡು ಬಂದಿರೋದು."

"ಆ ನಾನೀನೂ ಹಂಗೇ ಹೇಳಿದ್ರು. ನಮ್ಮಲ್ಲಿ ಹಂಗೇ ಅಂತ. ಅವರಿಗೆ ಮಾತ್ರ ಯಾಕೆ ಬೈತೀರಿ?"

ಮಗಳು ಫ್ರಿಜ್ಜಿನ ಹತ್ತಿರ ನಿಂತಿದ್ದಳು. ಗದರುತ್ತಾಳೆ ಎಂದು ಕಾದೆ. ಗದರಲಿಲ್ಲ. ಹುಡುಗಿ ಇನ್ನೂ ಮುಗಿಸಿರಲಿಲ್ಲ. ಆ ನಾನಿಗೆ ಫೋನು ಮಾಡಿ, ನಿಮ್ಮ ಮೇಲ್ಮನೆ ಬೇಡ ಅಂದರೆ ಕಾನೂನು ಸತ್ತುಹೋಗುತ್ತದೆಯೇ ಎಂದು ಕೇಳಿದ್ದಳಂತೆ. ಇಲ್ಲವಂತೆ. ಮುಂದಿನ ವರ್ಷದ ಅಧಿವೇಶನದಲ್ಲಿ ಕೆಳಮನೆ ಅದನ್ನೇ ಎರಡನೇ ಸಲ ಪಾಸು ಮಾಡಿದರೆ, ನಡುವೆ ಆರು ತಿಂಗಳಾದರೂ ಕಳೆದಿದ್ದರೆ, ಮೇಲ್ಮನೆ ಏನೇ ಅನ್ನಲಿ, ಅದು ನೇರ ರಾಷ್ಟ್ರಪತಿಯ ಸಹಿಗೆ ಹೋಗುತ್ತದಂತೆ. ದುಡ್ಡಿನ ಬಿಲ್ಲಾದರೆ ಅಷ್ಟೂ ಇಲ್ಲ, ಒಂದು ತಿಂಗಳು ಹಿಡಿದಿಟ್ಟುಕೊಳ್ಳಬಹುದು, ಅಷ್ಟೇ.

"ಆರು ತಿಂಗಳು ಕಾಯ್ತೀನಿ, ನಾನಿ. ಆಮೇಲೆ ಇನ್ನೊಂದ್ ಸಲ ಕೇಳ್ತೀನಿ. ಮೂರನೇ ಸಲ ಕೇಳಲ್ಲ."

ಹೇಳಿ ಬ್ಯಾಗು ತೆಗೆದುಕೊಂಡು ಮೇಲಕ್ಕೆ ಹೋದಳು. ನಾನು ಮಗಳ ಮುಖ ನೋಡಿದೆ. ಅವಳು ಫ್ರಿಜ್ಜಿನಿಂದ ಮೊಸರು ತೆಗೆಯುತ್ತಿದ್ದಳು. ಮೊಸರು ತೆಗೆಯಲು ಅಷ್ಟು ಹೊತ್ತು ಬೇಕಾಗಿಲ್ಲ.

ಆ ಆರು ತಿಂಗಳಲ್ಲಿ ಒಂದು ದಿನ ಡೈಮಂಡ್ ಬಾರಿನ ನಾನಿ ನಮ್ಮ ಮನೆಗೆ ಬಂದಳು. ಹತ್ತಿರದಲ್ಲಿ ಯಾರದೋ ಮನೆಗೆ ಬಂದವಳು, ನಿಮ್ಮನ್ನೂ ನೋಡಿ ಹೋಗುತ್ತೇನೆ ಎಂದು ಫೋನು ಮಾಡಿದಳು. ಹುಡುಗನ ಪರವಾಗಿ ನನ್ನ ಕೈಕಾಲು ಹಿಡಿಯಲು ಬಂದಿದ್ದಾಳೆ ಎಂದುಕೊಂಡೆ. ಏನು ಅಂದರೂ ಉಹೂಂ ಅನ್ನಬೇಕೆಂದು ತಯಾರಾಗಿದ್ದೆ. ಇಬ್ಬರೂ ಪಾರ್ಕಿನ ಸುತ್ತ ನಡೆದೆವು. ಆಕೆಗೂ ಮಂಡಿನೋವು, ನನಗೂ. ಎರಡು ಬೆಂಚಿಗೊಂದು ಸಲ ಕೂರುತ್ತಿದ್ದೆವು. ಎಷ್ಟು ಹೊತ್ತಾದರೂ ಹುಡುಗನ ಮಾತೇ ಬರಲಿಲ್ಲ. ಕೊನೆಗೆ ನಾನೇ ಎತ್ತಿದೆ. ನೀವು ಏನು ಹೇಳಿದರೂ ನನಗೆ ಒಪ್ಪಿಗೆಯಿಲ್ಲ ಎಂದೆ.

"ನಾನೂ ಬೇಡ ಅಂದಿದೀನಿ," ಎಂದಳು.

ಕಾಲು ಅಲ್ಲೇ ನಿಂತಿತು. ಯಾಕೆ ಎಂದೆ.

"ನಿಮ್ಮ ಹುಡುಗಿಗೆ ಸಿಟ್ಟು ಮೂಗಿನ ಮೇಲೆ. ನಮ್ಮವನು ಸೋಮಾರಿ. ಅವಳು ಕೂಗಾಡ್ತಾಳೆ, ಇವನು ಮಲಗ್ತಾನೆ. ಅವನಿಗೆ ಒಂದು ಕೆಲಸ ಅಂತ ಆಗಲಿ, ಆಮೇಲೆ ನೋಡೋಣ ಅಂದೆ."

ನಮ್ಮ ಹುಡುಗಿಯನ್ನು ಬೇಡ ಅನ್ನಲು ಇವಳು ಯಾರು ಎಂದು ನಾಲಿಗೆ ತುದಿಗೆ ಬಂತು. ಮೈಯೆಲ್ಲ ಉರಿಯಿತು. ಅಂಥ ಹುಡುಗಿ ಇವರ ಏಳು ತಲೆಮಾರಿಗೆ ಸಿಗುತ್ತಿತ್ತೇ. ಅವಳಿಗೆ ಸಿಟ್ಟಿದ್ದರೆ ಕಾರಣವಿಲ್ಲದೆ ಇರುವುದಿಲ್ಲ ಎಂದು ಜೋರಾಗಿಯೇ ಹೇಳಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಬಿಳಿ ಗಂಡಸು ತಿರುಗಿ ನೋಡಿದ. ಅವಳನ್ನು ಹೊಗಳಿ ನಾನು ಇನ್ನೂ ಏನೇನೋ ಹೇಳಿದೆ. ಎಲ್ಲ ಕೇಳಿಸಿಕೊಂಡು, ಹಾಗಾದರೆ ನೀವು ಬೇಡ ಅನ್ನುವುದು ನನ್ನ ಕಾರಣಕ್ಕೋ ಎಂದು ಕೇಳಿದಳು. ನಾನು ಸುಳ್ಳು ಹೇಳುವವಳಲ್ಲ. ಹೌದು ಅಂದೆ. ನಲ್ಲಿ ಕಿತ್ತವನ ಕಥೆ ಹೇಳಿದೆ.

ಆಕೆಗೆ ಬೇಸರವಾಗಲಿಲ್ಲ. ಅವನಂಥವರು ನಮ್ಮಲ್ಲೂ ಬರಬಹುದು, ಎಲ್ಲ ಕಡೆಯೂ ಬರುತ್ತಾರೆ, ವೋಟು ಹಾಕಿಸಿಕೊಂಡೂ ಬರುತ್ತಾರೆ ಎಂದಳು. ತಾನು ಏನು ಮಾಡುತ್ತಿದ್ದೆ ಎಂದು ಹೇಳಿದಳು. ಕೆಳಮನೆಯಿಂದ ಬಂದ ಕಾನೂನನ್ನು ಒಂದೊಂದು ಸಾಲಾಗಿ ಓದುವುದು. ಇಲ್ಲಿ ಈ ಮಾತು ಬೇಡ, ಇಲ್ಲಿ ಇದನ್ನು ಸೇರಿಸಿ ಎಂದು ತಿದ್ದಿ ವಾಪಸು ಕಳಿಸುವುದು. ಎಷ್ಟೋ ಸಲ ಅವರು ಒಪ್ಪುತ್ತಿದ್ದರು, ಯಾಕೆಂದರೆ ಅವರಿಗೂ ಅವಸರ. ಬರೀ ಬೇಡ ಅಂದರೆ ಅವರು ಕಾಯುತ್ತಾರೆ, ಕಾದು ಗೆಲ್ಲುತ್ತಾರೆ. ತಿದ್ದಿ ಅಂದರೆ ಕೇಳುತ್ತಾರೆ. ನೀವೂ ಏನು ತಿದ್ದಬೇಕು ಅನ್ನುವುದನ್ನು ಹೇಳಿ, ಸಿಸ್ಟರ್ ಎಂದಳು. ತಿದ್ದುವ ಅಭ್ಯಾಸ ನನಗಿಲ್ಲ ಎಂದೆ.

ಹುಡುಗಿ ಹೇಳಿದ ಮಾತಿಗೆ ತಪ್ಪಲಿಲ್ಲ. ಆರು ತಿಂಗಳು ಕಳೆದ ಮೇಲೆ ಒಂದು ಭಾನುವಾರ, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಎರಡನೇ ಸಲ ಕೇಳಿದಳು. ಹುಡುಗನಿಗೆ ಅಷ್ಟರಲ್ಲಿ ಕೆಲಸ ಸಿಕ್ಕಿತ್ತು. ಅವನ ನಾನಿ ಅದೊಂದು ಶರತ್ತು ಹಾಕಿದ್ದಳು, ಅವನು ಒಪ್ಪಿ ಮಾಡಿ ತೋರಿಸಿದ್ದ. ಆ ಮನೆಯಲ್ಲಿ ಆಗಲೇ ಹೂಂ ಆಗಿತ್ತು. ನನ್ನ ತಕರಾರೂ ಪಾರ್ಕಿನಲ್ಲೇ ಅರ್ಧ ಕರಗಿತ್ತು, ಅದು ನನಗೆ ಗೊತ್ತು. ಆದರೆ ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಒಂದು ಸಲ ಉಹೂಂ ಅಂದವಳು ಹೂಂ ಅಂದರೆ ನನಗೇನು ಬೆಲೆ ಎಂದುಕೊಂಡೆ. ಉಹೂಂ ಅಂದೆ.

"ಓಕೆ, ನಾನಿ. ಥ್ಯಾಂಕ್ಸ್," ಎಂದಳು.

ಅಷ್ಟೇ. ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. ತಾಯಿಯ ಕಡೆಗೆ ತಿರುಗಿ, ಹಾಗಾದರೆ ಜೂನ್ ಎಂದಳು. ಮಗಳು ಜೂನ್ ಎಂದಳು. ನಾನು ಹೆತ್ತ ಮಗಳು. ತಾನು ಮದುವೆಯಾಗುವಾಗ ನನ್ನ ಮಾತು ಕೇಳಿದವಳು, ಉಪ್ಪು ಎಷ್ಟು ಹಾಕಬೇಕೆಂದು ಈಗಲೂ ಕೇಳುವವಳು. ಅವರು ತಾರೀಕು ಕೂಡ ನೋಡಿ ಇಟ್ಟುಕೊಂಡಿದ್ದರು. ನಾನು ಹೂಂ ಅಂದಿದ್ದರೂ ಜೂನ್, ಉಹೂಂ ಅಂದರೂ ಜೂನ್. ಅಳಿಯ ಎದ್ದು ನನಗೆ ಒಂದು ಲೋಟ ನೀರು ತಂದುಕೊಟ್ಟ. ಕುಡಿದೆ. ನನ್ನ ಅಜ್ಜಿಯ ಒಂದು ಉಹೂಂಗೆ ಒಂದು ಮದುವೆ ನಿಂತಿತ್ತು. ನನ್ನ ಎರಡಕ್ಕೆ ಒಂದು ಲೋಟ ನೀರು.

ಎರಡು ದಿನ ನಾನು ನನ್ನ ಕೋಣೆಯಲ್ಲೇ ಊಟ ಮಾಡಿದೆ. ಯಾರೂ ಬಂದು ಸಮಾಧಾನ ಮಾಡಲಿಲ್ಲ. ಅವರಿಗೆ ಕೆಲಸವಿತ್ತು. ಮೂರನೇ ದಿನ ಡೈಮಂಡ್ ಬಾರಿಗೆ ನಾನೇ ಫೋನು ಮಾಡಿದೆ. ನಿಮ್ಮ ತಲೆ ಮೇಲೆ ಕಾಲಿಟ್ಟು ಯಾವುದಾದರೂ ಕಾನೂನು ಪಾಸು ಮಾಡಿದ್ದರೇ, ಆ ದಿನ ನೀವೇನು ಮಾಡಿದಿರಿ ಎಂದು ಕೇಳಿದೆ.

"ಮನೆಗೆ ಹೋಗಿ ಮಲಗಿದೆ. ಮುಂದಿನ ಮಂಗಳವಾರ ಹೋದೆ. ಇನ್ನೊಂದು ಬಿಲ್ಲು ಬಂದಿತ್ತು, ಓದಬೇಕಾಗಿತ್ತು."

ಸಿಟ್ಟು ಬರಲಿಲ್ಲವೇ ಎಂದೆ. ಬಂತು, ಆದರೆ ಸಿಟ್ಟಿಗೆ ಅಲ್ಲಿ ಕುರ್ಚಿ ಹಾಕಿರಲಿಲ್ಲ ಎಂದಳು. ನಿಕಾಹ್ ದಿನ ಯಾವ ಬಣ್ಣದ ಬಟ್ಟೆ ಎಂದು ಕೇಳಿದಳು. ಇಬ್ಬರೂ ಒಂದೇ ಬಣ್ಣ ಉಟ್ಟುಬಿಟ್ಟರೆ ಚೆನ್ನಾಗಿರುವುದಿಲ್ಲವಂತೆ. ನನಗೆ ಅದು ತೋಚಿರಲೇ ಇಲ್ಲ.

ಮೇ ತಿಂಗಳಲ್ಲಿ ಮೊಮ್ಮಗಳು ಫೋನು ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ನಿಕಾಹ್ ಹಾಲಿನಲ್ಲಿ ಅಲ್ಲ, ಸಮುದ್ರದ ದಂಡೆಯಲ್ಲಿ, ಮರಳಿನ ಮೇಲೆ, ಫೋಟೊಗೆ ತಲೆಯ ಮೇಲೆ ಹಾರುವ ಡ್ರೋನ್ ಕ್ಯಾಮರಾ ಎಂದಳು. ಮರಳಿನ ಮೇಲೆ ನಿಕಾಹ್ ಎಂದು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಮೌಲ್ವಿಯ ಟೋಪಿ ಹಾರಿಹೋಗುತ್ತದೆ, ಬಿರಿಯಾನಿಗೆ ಮರಳು ಬೀಳುತ್ತದೆ, ಅಕ್ಕಪಕ್ಕ ಚಡ್ಡಿ ಹಾಕಿಕೊಂಡ ಜನ. ಬಾಯಿ ತೆರೆದಾಗಿತ್ತು. ಬ್ರೇಕು ಹಾಕಿದೆ. ಅವಳು ಯಾಕೆ ಬಂದಿದ್ದಾಳೆ ಎಂದು ಒಂದು ಗಳಿಗೆ ಯೋಚಿಸಿದೆ. ಮೂರನೇ ಸಲ ಕೇಳುವುದಿಲ್ಲ ಎಂದಿದ್ದವಳು ಬಾಗಿಲಲ್ಲಿ ನಿಂತಿದ್ದಳು.

"ಮರಳಲ್ಲಿ ನಮಗೆ ಕೂರೋಕಾಗಲ್ಲ. ಬೆನ್ನಿರೋ ಕುರ್ಚಿ ಹಾಕ್ಸು, ನನಗೂ ಅವರ ನಾನಿಗೂ," ಎಂದೆ. "ಊಟ ಅಲ್ಲಿ ಬೇಡ, ಮನೇಲಿ. ತಲೆ ಮೇಲೆ ಹಾರೋ ಕ್ಯಾಮರಾನೂ ಬೇಡ."

ಅವಳು ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನನಗೇ ಮುಜುಗರವಾಯಿತು. ಆಮೇಲೆ ನನ್ನ ಮಂಚದ ತುದಿಯಲ್ಲಿ ಕೂತು ಫೋನಿನಲ್ಲಿ ಬರೆದುಕೊಂಡಳು.

ಜೂನಿನಲ್ಲಿ ಕುರ್ಚಿಗಳು ಬಂದವು, ಬೆನ್ನಿರುವಂಥವೇ. ಊಟ ಮನೆಯಲ್ಲೇ ಆಯಿತು. ಕ್ಯಾಮರಾವೂ ಬಂತು.